ಬ್ಲಡ್ ಗ್ರೂಪ್ ನೋಡಿ ವೈರಸ್‌ಗೆ ಹೆದರಬೇಕಾ? ಮುಂಬೈ ಕನ್ನಡಿಗರಿಗೊಂದು ಕೈಪಿಡಿ

ಮಳೆಗಾಲ ಬಂತೆಂದರೆ ಮುಂಬೈಯಲ್ಲಿ ಎರಡು ಸಂಗತಿ ತಪ್ಪುವುದಿಲ್ಲ. ಒಂದು, ಹಿಂದ್‌ಮಾತಾದಲ್ಲಿ ಮೊಣಕಾಲುದ್ದ ನೀರು. ಇನ್ನೊಂದು, ವಾಟ್ಸಾಪ್‌ನಲ್ಲಿ ಬ್ಲಡ್ ಗ್ರೂಪಿನ ಫಾರ್ವರ್ಡ್. ‘ಓ ಗ್ರೂಪಿನವರಿಗೆ ವೈರಸ್ ತಾಗುವುದಿಲ್ಲ’, ‘ಎ ಗ್ರೂಪಿನವರೇ ಜೋಪಾನ’ ಎಂದು ಕೈಮುಗಿದ ಚಿತ್ರದ ಜೊತೆ ಬರುತ್ತದೆ. ಕೋವಿಡ್ ಕಾಲದಲ್ಲಿ ಹುಟ್ಟಿದ ಈ ಮಾತು ಇನ್ನೂ ಸತ್ತಿಲ್ಲ. ಡೆಂಗಿ ಬಂದರೂ ಅದೇ, ಹೊಟ್ಟೆ ಕೆಟ್ಟರೂ ಅದೇ.

ಇದು ಪೂರ್ತಿ ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ. ರಕ್ತದ ಗುಂಪಿಗೂ ಕೆಲವು ವೈರಸ್‌ಗಳಿಗೂ ನಿಜವಾಗಿ ನಂಟಿದೆ. ಆದರೆ ಎಲ್ಲ ವೈರಸ್‌ಗೂ ಅಲ್ಲ, ಒಂದೇ ದಿಕ್ಕಿನಲ್ಲೂ ಅಲ್ಲ. ಜನ ಜಾಸ್ತಿ ಮಾತಾಡುವ ಕೋವಿಡ್‌ನಲ್ಲಿ ಈ ನಂಟು ತೀರಾ ತೆಳ್ಳಗಿದೆ. ಯಾರೂ ಮಾತಾಡದ ವಾಂತಿ-ಭೇದಿಯ ವೈರಸ್‌ನಲ್ಲಿ ಗಟ್ಟಿಯಾಗಿದೆ. ಮುಂಬೈಯಂಥ ಊರಲ್ಲಿ ನಮಗೆ ಬೇಕಾದ್ದು ಆ ಎರಡನೆಯದು. ಹಾಗಾಗಿ ನಿಮ್ಮ ಗ್ರೂಪನ್ನು ಸರಿಯಾಗಿ ತಿಳಿದುಕೊಳ್ಳುವುದರಿಂದ ಹಿಡಿದು ಇಂಥ ಸುದ್ದಿಯನ್ನು ತೂಗಿ ನೋಡುವವರೆಗೆ ಒಂದೊಂದಾಗಿ ಹೇಳುತ್ತೇನೆ.

ಹಂತ 1: ನಿಮ್ಮ ಗ್ರೂಪ್ ಯಾವುದು ಎಂದು ಮೊದಲು ಗಟ್ಟಿ ಮಾಡಿಕೊಳ್ಳಿ

‘ನನ್ನದು ಬಿ ಪಾಸಿಟಿವ್’ ಎಂದು ಎಲ್ಲರೂ ಥಟ್ಟನೆ ಹೇಳುತ್ತಾರೆ. ಎಲ್ಲಿ ನೋಡಿದ್ದು ಎಂದು ಕೇಳಿದರೆ ಶಾಲೆಯ ಐಡಿ ಕಾರ್ಡು, ಇಲ್ಲವೇ ಡ್ರೈವಿಂಗ್ ಲೈಸೆನ್ಸ್. ಆ ಎರಡರಲ್ಲೂ ಇರುವುದು ಸಾಮಾನ್ಯವಾಗಿ ನೀವೇ ಫಾರ್ಮಿನಲ್ಲಿ ಬರೆದುಕೊಟ್ಟದ್ದು. ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಅಪ್ಪನದು ಬಿ ಅಂತ ಮಗನದ್ದೂ ಬಿ ಎಂದು ಬರೆಸಿದ ಮನೆಗಳೂ ಇವೆ.

ಆದ್ದರಿಂದ ಒಂದು ಸಲ ಲ್ಯಾಬಿಗೆ ಹೋಗಿ ಮಾಡಿಸಿ. ಖಾಲಿ ಹೊಟ್ಟೆ ಬೇಕಿಲ್ಲ, ಖರ್ಚೂ ಕಡಿಮೆ. ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಮಾಡುವ ಪರೀಕ್ಷೆ ಬೇಗ ಆಗುತ್ತದೆ, ಆದರೆ ಅರ್ಧ ಮಾತ್ರ ಹೇಳುತ್ತದೆ. ಅದು ಕೆಂಪು ಕಣದ ಮೇಲೆ ಏನಿದೆ ಎಂದು ನೋಡುತ್ತದೆ ಅಷ್ಟೆ. ಕೈಯ ನರದಿಂದ ರಕ್ತ ತೆಗೆದು, ಅದರ ನೀರಿನಂಥ ಭಾಗವನ್ನು ಗೊತ್ತಿರುವ ಎ, ಬಿ ಮತ್ತು ಓ ಕಣಗಳ ಜೊತೆ ಬೆರೆಸಿ ನೋಡುವುದಕ್ಕೆ ರಿವರ್ಸ್ ಗ್ರೂಪಿಂಗ್ ಎನ್ನುತ್ತಾರೆ. ಎರಡೂ ಕಡೆಯಿಂದ ಒಂದೇ ಉತ್ತರ ಬಂದರೆ ಗ್ರೂಪ್ ಖಾತ್ರಿ. ‘ರಿವರ್ಸ್ ಗ್ರೂಪಿಂಗ್ ಮಾಡುತ್ತೀರಾ?’ ಎಂದು ಕೌಂಟರಿನಲ್ಲೇ ಕೇಳಿ. ನಾಚಿಕೆ ಬೇಡ.

ರಕ್ತ ಕೊಟ್ಟರೆ ಈ ಕೆಲಸ ಪುಕ್ಕಟೆ ಆಗುತ್ತದೆ. 18ರಿಂದ 65ರ ವಯಸ್ಸು, ಕನಿಷ್ಠ 45 ಕಿಲೋ ತೂಕ, 12.5 ಗ್ರಾಂ ಹಿಮೋಗ್ಲೋಬಿನ್ ಇದ್ದವರು ಕೊಡಬಹುದು. ಬ್ಲಡ್ ಬ್ಯಾಂಕಿನವರು ಗ್ರೂಪ್ ನೋಡುವುದಲ್ಲದೆ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಕ್ಕೂ ಪರೀಕ್ಷೆ ಮಾಡುತ್ತಾರೆ. ಮುಂಬೈಯ ನಮ್ಮ ಸಂಘ-ಸಂಸ್ಥೆಗಳು ನಡೆಸುವ ಶಿಬಿರಕ್ಕೆ ಹೋದವರ ಕೈಗೆ ಬರುವ ಚಿಕ್ಕ ಕಾರ್ಡನ್ನು ಎಸೆಯಬೇಡಿ. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಎಚ್‌ಐವಿ ಇದೆಯೋ ಎಂದು ತಿಳಿಯಲಿಕ್ಕೆಂದೇ ರಕ್ತ ಕೊಡಲು ಹೋಗುವುದು ಮಾತ್ರ ತಪ್ಪು. ಅದಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಬೇರೆ ವ್ಯವಸ್ಥೆ ಇದೆ.

ಹಸುಗೂಸಿನ ಗ್ರೂಪ್ ವಿಷಯದಲ್ಲಿ ಒಂದು ಮಾತು. ಮಗುವಿನ ಮೈಯಲ್ಲಿ ಮೊದಲ ಕೆಲವು ತಿಂಗಳು ಓಡಾಡುವುದು ತಾಯಿಯಿಂದ ಬಂದ ಪ್ರತಿಕಾಯಗಳು, ಎಂದರೆ ಹೊರಗಿನದನ್ನು ಎದುರಿಸುವ ರಕ್ತದ ಅಂಶಗಳು. ರಿವರ್ಸ್ ಪರೀಕ್ಷೆ ನೋಡುವುದು ಇವನ್ನೇ, ಹಾಗಾಗಿ ಆಗ ಅದಕ್ಕೆ ಅರ್ಥವಿಲ್ಲ. ಆಸ್ಪತ್ರೆಯಲ್ಲಿ ಹುಟ್ಟಿದಾಗ ಬರೆದುಕೊಟ್ಟ ಗ್ರೂಪನ್ನು ಮಗು ಬೆಳೆದ ಮೇಲೆ ಇನ್ನೊಮ್ಮೆ ನೋಡಿಸಿ.

ಹಂತ 2: ಗ್ರೂಪ್ ಅಂದರೆ ಸಕ್ಕರೆ ಎಂದು ತಿಳಿಯಿರಿ

ವಿಯೆನ್ನಾದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ವಿಂಗಡಿಸಿ ತೋರಿಸಿದರು. 1930ರಲ್ಲಿ ಅದಕ್ಕೆ ನೊಬೆಲ್ ಸಿಕ್ಕಿತು. ಅವರು ಕಂಡ ವ್ಯತ್ಯಾಸದ ಮೂಲ ಕಣದ ಹೊರಮೈಯಲ್ಲಿ ಅಂಟಿಕೊಂಡ ಸಣ್ಣ ಸಕ್ಕರೆ ಸರಪಳಿ.

ಹೋಟೆಲಿನ ಭಾಷೆಯಲ್ಲಿ ಹೇಳುತ್ತೇನೆ. ತಳದಲ್ಲಿ ಎಚ್ ಎಂಬ ಸರಪಳಿ ಇದೆ, ಅದು ಸಾದಾ ದೋಸೆ. ಅದರ ಮೇಲೆ ಒಂದು ಬಗೆಯ ಸಕ್ಕರೆ ಬಿದ್ದರೆ ಎ ಗ್ರೂಪ್, ಇನ್ನೊಂದು ಬಗೆಯದು ಬಿದ್ದರೆ ಬಿ. ಕೆಲವು ದೋಸೆಗೆ ಅದು, ಕೆಲವಕ್ಕೆ ಇದು ಅಂದರೆ ಎಬಿ. ಏನೂ ಹಾಕದೆ ಸಾದಾ ಉಳಿದರೆ ಓ. ಹಿಟ್ಟನ್ನೇ ಹುಯ್ಯದ ಖಾಲಿ ಕಾವಲಿಯೂ ಒಂದಿದೆ. ಅದಕ್ಕೆ ನಮ್ಮ ಊರಿನ ಹೆಸರೇ ಇದೆ, ಕೊನೆಯಲ್ಲಿ ಬರುತ್ತೇನೆ.

ಈ ಸಕ್ಕರೆಗಳು ಬರೀ ರಕ್ತದಲ್ಲಿ ಇರುವುದಲ್ಲ. ರಕ್ತನಾಳದ ಗೋಡೆಯಲ್ಲೂ ಇವೆ. ಬಹಳ ಜನರಲ್ಲಿ ಕರುಳಿನ ಒಳಪದರ, ಉಸಿರಿನ ದಾರಿ, ಉಗುಳು, ಲೋಳೆಯಲ್ಲೂ ಇರುತ್ತವೆ. ಅಂಥವರನ್ನು ಸೆಕ್ರೀಟರ್ ಎನ್ನುತ್ತಾರೆ. ವೈರಸ್ ಮೈಯೊಳಗೆ ಬರುವುದು ಈ ಬಾಗಿಲುಗಳಿಂದಲೇ ತಾನೆ? ನಂಟು ಬೆಳೆಯುವುದು ಅಲ್ಲಿಂದ.

ಇನ್ನೊಂದು ಕಡೆ ಪ್ರತಿಕಾಯಗಳಿವೆ. ಎ ಗ್ರೂಪಿನವರ ರಕ್ತದಲ್ಲಿ ಬಿ ಸಕ್ಕರೆಗೆ ಎದುರಾಳಿ ಇರುತ್ತದೆ. ಬಿಯವರಲ್ಲಿ ಎಗೆ ಎದುರಾಳಿ. ಓ ಗ್ರೂಪಿನವರಲ್ಲಿ ಎರಡಕ್ಕೂ. ಯಾರ ರಕ್ತವನ್ನೂ ಪಡೆಯದೆ ಇವು ಹೇಗೆ ಹುಟ್ಟಿದವು? ಕರುಳಿನ ಬ್ಯಾಕ್ಟೀರಿಯಾದ ಮೈಮೇಲೂ ಇಂಥದೇ ಸಕ್ಕರೆ ಇರುತ್ತದೆ. ಅದನ್ನು ನೋಡಿ ಮಗುವಿನ ದೇಹ ಎದುರಾಳಿಯನ್ನು ತಯಾರು ಮಾಡಿಕೊಳ್ಳುತ್ತದೆ.

ಪಾಸಿಟಿವ್, ನೆಗೆಟಿವ್ ಅನ್ನುವುದು ಬೇರೆಯೇ ಕತೆ. ಅದು ಆರ್‌ಎಚ್ ಎಂಬ ಪ್ರೋಟೀನು. ರಕ್ತ ಹಾಕುವಾಗ ಮತ್ತು ಬಸಿರಿನಲ್ಲಿ ಅದು ಬಹಳ ಮುಖ್ಯ. ಈ ಲೇಖನದ ವಿಷಯಕ್ಕೆ ಬೇಕಿಲ್ಲ.

ಹಂತ 3: ‘ಯಾವ ವೈರಸ್?’ ಎಂದು ಕೇಳಿ

ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗ ಮಾಲೀಕರಿಗೆ ಹೇಳುವುದುಂಟು: ‘ಅಣ್ಣಾ, ನಂದು ಓ ಗ್ರೂಪ್. ನಂಗೇನೂ ಆಗಲ್ಲ.’ ಮಾಲೀಕರು ಕೇಳಬೇಕಾದ್ದು ಇಷ್ಟೇ: ‘ಯಾವ ವೈರಸ್‌ಗೆ ಮಾರಾಯ?’

ಕೋವಿಡ್‌ನಿಂದಲೇ ಶುರು ಮಾಡೋಣ. 2020ರ ಮೊದಲ ತಿಂಗಳುಗಳಲ್ಲಿ ಚೀನಾದ ವುಹಾನ್‌ನಿಂದ ಒಂದು ವರದಿ ಬಂತು. ಅಲ್ಲಿನ ರೋಗಿಗಳಲ್ಲಿ ಎ ಗ್ರೂಪಿನವರು ಊರಿನ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ, ಓ ಗ್ರೂಪಿನವರು ಸ್ವಲ್ಪ ಕಡಿಮೆ. ಅದೇ ವರ್ಷ ಜೂನ್‌ನಲ್ಲಿ ಇಟಲಿ ಮತ್ತು ಸ್ಪೇನ್‌ನ ಆಸ್ಪತ್ರೆಗಳ ಅಧ್ಯಯನ ಪ್ರಕಟವಾಯಿತು. ಉಸಿರಾಟ ಸೋತ 1,610 ರೋಗಿಗಳ ಜೀನುಗಳನ್ನು ಸಾಮಾನ್ಯ ಜನರ ಜೊತೆ ಹೋಲಿಸಿದ್ದರು. ರಕ್ತದ ಗುಂಪನ್ನು ನಿರ್ಧರಿಸುವ ಜೀನ್ 9ನೇ ಕ್ರೋಮೋಸೋಮಿನಲ್ಲಿದೆ. ರೋಗಕ್ಕೆ ನಂಟಿರುವ ಜಾಗಗಳಲ್ಲಿ ಅದೂ ಎದ್ದು ಕಂಡಿತು. ಫಾರ್ವರ್ಡುಗಳಿಗೆ ಅದೇ ಸಾಕಾಯಿತು.

ಆಮೇಲೆ ಬಂದ ಡೆನ್ಮಾರ್ಕಿನ ಲೆಕ್ಕವನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಅಲ್ಲಿ ಪರೀಕ್ಷೆ ಮಾಡಿಸಿಕೊಂಡು ಗ್ರೂಪೂ ಗೊತ್ತಿದ್ದ 4,73,654 ಜನರನ್ನು ನೋಡಿದರು. ಪಾಸಿಟಿವ್ ಬಂದ 7,422 ಮಂದಿಯಲ್ಲಿ ಓ ಗ್ರೂಪಿನವರು 38.41%. ದೇಶದ ಜನರಲ್ಲಿ ಓ ಇರುವುದು 41.70%. ಎಂದರೆ ನೂರರಲ್ಲಿ ಮೂರೂ ಚಿಲ್ಲರೆ ವ್ಯತ್ಯಾಸ! ಅಷ್ಟಕ್ಕೆ ಮಾಸ್ಕ್ ತೆಗೆದಿಟ್ಟವರನ್ನು ಏನನ್ನಬೇಕು? ಆಸ್ಪತ್ರೆ ಸೇರುವ ಮತ್ತು ಸಾಯುವ ವಿಷಯದಲ್ಲಿ ಆ ಅಧ್ಯಯನಕ್ಕೆ ಗ್ರೂಪಿನ ವ್ಯತ್ಯಾಸ ಕಾಣಲೇ ಇಲ್ಲ. 2021ರಲ್ಲಿ ಅಮೆರಿಕದ ಯೂಟಾ ಕಡೆಯ ಆಸ್ಪತ್ರೆಗಳ ಜಾಲ ಒಂದು ಲಕ್ಷಕ್ಕೂ ಹೆಚ್ಚು ಜನರ ದಾಖಲೆ ತೆಗೆದು ನೋಡಿತು. ಅಲ್ಲಿ ಸೋಂಕಿಗೂ ಗ್ರೂಪಿಗೂ ನಂಟೇ ಇಲ್ಲ ಎಂಬ ಉತ್ತರ ಬಂತು.

ಹಾಗಿದ್ದರೂ ಹಿಂದಿರುವ ವಿಜ್ಞಾನ ಸೊಗಸಾಗಿದೆ. ವೈರಸ್ ಒಬ್ಬರ ಜೀವಕೋಶದಿಂದ ಹೊರಬರುವಾಗ ಆ ಮನುಷ್ಯನ ಎ ಅಥವಾ ಬಿ ಸಕ್ಕರೆಯನ್ನೂ ಮೈಗೆ ಅಂಟಿಸಿಕೊಂಡು ಬರಬಹುದು. ಎದುರಿಗಿರುವವರ ರಕ್ತದಲ್ಲಿ ಅದಕ್ಕೆ ಎದುರಾಳಿ ಇದ್ದರೆ ವೈರಸ್‌ಗೆ ಅಡ್ಡಿಯಾಗುತ್ತದೆ. ಕೋವಿಡ್ ವೈರಸ್‌ನ ನೆಂಟನಾದ 2003ರ ಸಾರ್ಸ್ ವೈರಸ್‌ನ ಮುಳ್ಳು ನಮ್ಮ ಕೋಶಕ್ಕೆ ಅಂಟುವುದನ್ನು ಎ ಸಕ್ಕರೆಯ ಪ್ರತಿಕಾಯ ತಡೆಯಬಲ್ಲದು ಎಂದು 2008ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದ್ದರು. ಇದು ಸರಿ ಎಂದಿಟ್ಟುಕೊಂಡರೂ ಓ ಗ್ರೂಪಿನವರಿಗೆ ಲಾಭ ಸಿಗುವುದು ಎ, ಬಿ ಅಥವಾ ಎಬಿ ಗ್ರೂಪಿನವರಿಂದ ವೈರಸ್ ಬಂದಾಗ ಮಾತ್ರ. ಇನ್ನೊಬ್ಬ ಓ ಗ್ರೂಪಿನವನಿಂದ ಬಂದರೆ? ಯಾವ ಅಡ್ಡಿಯೂ ಇಲ್ಲ. ಬೆಳಗ್ಗೆ ಎಂಟೂವರೆಯ ಡೊಂಬಿವಲಿ ಫಾಸ್ಟ್ ಲೋಕಲ್‌ನಲ್ಲಿ ಕುತ್ತಿಗೆಯ ಮೇಲೆ ಕೆಮ್ಮುವವನ ಗ್ರೂಪ್ ಯಾವುದೆಂದು ಕೇಳಿಕೊಂಡು ಕೂರುತ್ತೀರಾ?

ಇನ್ನೊಂದು ದಾರಿ ರಕ್ತ ಹೆಪ್ಪುಗಟ್ಟುವುದು. ಓ ಅಲ್ಲದವರ ರಕ್ತದಲ್ಲಿ ಹೆಪ್ಪುಗಟ್ಟಲು ನೆರವಾಗುವ ವಾನ್ ವಿಲ್ಲೆಬ್ರಾಂಡ್ ಎಂಬ ಅಂಶ ಸುಮಾರು ಕಾಲುಭಾಗ ಹೆಚ್ಚು. ಇದು ಕೋವಿಡ್‌ಗಿಂತ ಎಷ್ಟೋ ಮೊದಲೇ ಗೊತ್ತಿದ್ದ ವಿಷಯ. ಕೋವಿಡ್ ಜೋರಾದಾಗ ರಕ್ತನಾಳಗಳಲ್ಲಿ ಗಡ್ಡೆ ಕಟ್ಟುತ್ತಿತ್ತಲ್ಲ, ಗ್ರೂಪಿನ ವ್ಯತ್ಯಾಸಕ್ಕೆ ಇದೂ ಕಾರಣವಿರಬಹುದೆಂದು ತಜ್ಞರು ಹೇಳುತ್ತಾರೆ. ಹಾಗೆಂದು ಎ ಗ್ರೂಪಿನವರು ತಾವಾಗಿಯೇ ರಕ್ತ ತೆಳು ಮಾಡುವ ಗುಳಿಗೆ ನುಂಗಬಾರದು. ಅದು ಡಾಕ್ಟರ ಕೆಲಸ.

ಈಗ ಗಟ್ಟಿ ನಂಟಿಗೆ ಬರೋಣ. ನೊರೋವೈರಸ್ ಎಂಬ ಹೆಸರು ಬಹಳ ಜನ ಕೇಳಿರುವುದಿಲ್ಲ, ಆದರೆ ಅದರ ಕೈಗೆ ಸಿಕ್ಕಿರುತ್ತಾರೆ. ಇದ್ದಕ್ಕಿದ್ದಂತೆ ವಾಂತಿ, ನೀರಿನಂಥ ಭೇದಿ, ಒಂದೆರಡು ದಿನ ನರಳಾಟ, ಆಮೇಲೆ ಸರಿ. 1968ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ನಾರ್ವಾಕ್ ಊರಿನ ಶಾಲೆಯೊಂದರಲ್ಲಿ ಹಬ್ಬಿದ್ದರಿಂದ ಆ ಹೆಸರು. ಈ ವೈರಸ್ ಕರುಳಿಗೆ ಅಂಟಲು ಹಿಡಿಯುವುದು ನಮ್ಮ ರಕ್ತದ ಗುಂಪಿನ ಸಕ್ಕರೆಯನ್ನೇ. ಸೆಕ್ರೀಟರ್ ಅಲ್ಲದವರ ಕರುಳಿನಲ್ಲಿ ಆ ಸಕ್ಕರೆ ಇಲ್ಲ. ಯುರೋಪ್, ಉತ್ತರ ಅಮೆರಿಕದಲ್ಲಿ ಸುಮಾರು ಐದರಲ್ಲಿ ಒಬ್ಬರು ಹಾಗೆ. ಒಪ್ಪಿ ಮುಂದೆ ಬಂದ ಸ್ವಯಂಸೇವಕರಿಗೆ ನಾರ್ವಾಕ್ ತಳಿಯ ವೈರಸ್ಸನ್ನು ಕುಡಿಸಿ ನೋಡಿದಾಗ ಸೆಕ್ರೀಟರ್ ಅಲ್ಲದವರಿಗೆ ಸೋಂಕು ತಗುಲಲಿಲ್ಲ. ಉಳಿದವರಲ್ಲಿ ಓ ಗ್ರೂಪಿನವರಿಗೆ ಜಾಸ್ತಿ ತಗುಲಿತು, ಬಿ ಗ್ರೂಪಿನವರಿಗೆ ಕಡಿಮೆ.

ನೋಡಿ, ಇಲ್ಲಿ ಓ ಗ್ರೂಪಿನವರ ಅದೃಷ್ಟ ತಿರುಗಿಬಿತ್ತು! ಕೋವಿಡ್‌ನಲ್ಲಿ ಎದೆ ತಟ್ಟಿಕೊಂಡ ಹುಡುಗನಿಗೆ ಇದನ್ನು ಹೇಳಿ. ಬಿಯವರೂ ಹಿಗ್ಗುವ ಹಾಗಿಲ್ಲ, ಏಕೆಂದರೆ ನೊರೋವೈರಸ್‌ನಲ್ಲಿ ತಳಿಗಳು ಬಹಳ. ಒಂದೊಂದು ತಳಿ ಒಂದೊಂದು ಬಗೆಯ ಸಕ್ಕರೆಯನ್ನು ಹಿಡಿಯುತ್ತದೆ. ಒಂದಕ್ಕೆ ಬಾಗಿಲು ಮುಚ್ಚಿದ್ದರೆ ಇನ್ನೊಂದಕ್ಕೆ ತೆರೆದಿರುತ್ತದೆ. ಸೆಕ್ರೀಟರ್ ಹೌದೋ ಅಲ್ಲವೋ ಎಂಬುದು ಮಾಮೂಲಿ ಬ್ಲಡ್ ಗ್ರೂಪ್ ರಿಪೋರ್ಟಿನಲ್ಲಿ ಇರುವುದೂ ಇಲ್ಲ.

ಮಕ್ಕಳ ಭೇದಿಗೆ ಮುಖ್ಯ ಕಾರಣವಾದ ರೋಟಾವೈರಸ್‌ನ ಹಲವು ತಳಿಗಳೂ ಇದೇ ಸಕ್ಕರೆಗಳನ್ನು ಹಿಡಿಯುತ್ತವೆ. ಅಲ್ಲಿ ಲೆಕ್ಕಾಚಾರ ಬೇಡ. ಲಸಿಕೆ ಸರಕಾರಿ ಕೇಂದ್ರದಲ್ಲಿ 6, 10, 14ನೇ ವಾರಕ್ಕೆ ಪುಕ್ಕಟೆ ಸಿಗುತ್ತದೆ, ಹಾಕಿಸಿ.

ಪಾರ್ವೊವೈರಸ್ ಬಿ19 ಎಂಬುದು ಮಕ್ಕಳ ಕೆನ್ನೆ ಕೆಂಪಾಗಿಸುವ ಜ್ವರ ತರುತ್ತದೆ. ಅದು ಹಿಡಿಯುವುದು ಪಿ ಎಂಬ ಬೇರೆಯೇ ರಕ್ತಗುಂಪಿನ ಸಕ್ಕರೆಯನ್ನು. ಆ ಸಕ್ಕರೆಯೇ ಇಲ್ಲದ ತೀರಾ ಅಪರೂಪದ ಜನರಿಗೆ ಆ ಸೋಂಕು ತಗುಲುವುದಿಲ್ಲ ಎಂದು 1994ರಲ್ಲಿ ಕಂಡುಕೊಂಡರು. ರಕ್ತದ ಗುಂಪು ಪೂರ್ತಿ ಕಾಪಾಡುವ ಉದಾಹರಣೆ ಬೇಕೆಂದರೆ ಇದು.

ಡೆಂಗಿಯ ವಿಷಯದಲ್ಲಿ ಬೇರೆ ಬೇರೆ ದೇಶದ ಅಧ್ಯಯನಗಳು ಬೇರೆ ಬೇರೆ ಗ್ರೂಪಿನತ್ತ ಕೈ ತೋರಿಸಿವೆ. ಜಪಾನಿನವರು ಮಾಡಿ 2004ರಲ್ಲಿ ಪ್ರಕಟಿಸಿದ ಸಣ್ಣ ಪ್ರಯೋಗವೊಂದರಲ್ಲಿ ಡೆಂಗಿ ಹರಡಬಲ್ಲ ಸೊಳ್ಳೆಯ ಒಂದು ಜಾತಿ ಎ ಗ್ರೂಪಿಗಿಂತ ಓ ಗ್ರೂಪಿನವರ ಮೇಲೆ ಜಾಸ್ತಿ ಕೂತಿತು. ನನ್ನನ್ನು ಕೇಳಿದರೆ ಗ್ಯಾಲರಿಯ ಡ್ರಮ್ಮಿಗೆ ಮುಚ್ಚಳ ಹಾಕುವುದು ಇದಕ್ಕಿಂತ ಉಪಯೋಗದ ಕೆಲಸ.

ಮಳೆನೀರಿನಲ್ಲಿ ನಡೆದವರಿಗೆ ಬರುವ ಇಲಿಜ್ವರ ಮತ್ತು ಕಾಲರಾ ವೈರಸ್‌ನಿಂದ ಬರುವುದಲ್ಲ, ಬ್ಯಾಕ್ಟೀರಿಯಾದಿಂದ. ಮಲೇರಿಯಾ ಪರೋಪಜೀವಿಯಿಂದ. ಆದರೂ ಹೇಳಿಬಿಡುತ್ತೇನೆ: ಓ ಗ್ರೂಪಿನವರಿಗೆ ಮಾರಕ ಮಲೇರಿಯಾ ಉಲ್ಬಣಿಸುವುದು ಕಡಿಮೆ, ಕಾಲರಾ ಬಂದರೆ ಮಾತ್ರ ಜೋರಾಗುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡ ಹಾಗೆ.

ಹಂತ 4: ಸುದ್ದಿಯಲ್ಲಿರುವ ಶೇಕಡಾವನ್ನು ಜನರ ಲೆಕ್ಕಕ್ಕೆ ಇಳಿಸಿ

‘ಓ ಗ್ರೂಪಿಗೆ 10% ಅಪಾಯ ಕಡಿಮೆ’ ಎಂಬ ತಲೆಬರಹ ನೋಡಿದಿರಿ ಎನ್ನಿ. ಪೆನ್ನು ತೆಗೆದುಕೊಳ್ಳಿ. ಒಂದು ಸೊಸೈಟಿಯಲ್ಲಿ ಬೇರೆ ಗ್ರೂಪಿನ ಸಾವಿರ ಜನರಿದ್ದಾರೆ, ಅವರಲ್ಲಿ 50 ಮಂದಿಗೆ ಸೋಂಕು ತಗುಲಿತು ಎಂದಿಟ್ಟುಕೊಳ್ಳಿ. ಇದು ಬರೀ ಲೆಕ್ಕಕ್ಕಾಗಿ. ಓ ಗ್ರೂಪಿನ ಸಾವಿರ ಜನರಲ್ಲಿ 10% ಕಡಿಮೆ ಎಂದರೆ 45 ಮಂದಿಗೆ ತಗುಲುತ್ತದೆ. ಸಾವಿರಕ್ಕೆ ಐದೇ ಐದು ಜನರ ವ್ಯತ್ಯಾಸ. ಉಳಿದ 995 ಓ ಗ್ರೂಪಿನವರಿಗೆ ಆ ತಲೆಬರಹದಿಂದ ಆದದ್ದು ಏನೂ ಇಲ್ಲ. 

ಎರಡನೆಯದು, ಯಾರನ್ನು ಯಾರ ಜೊತೆ ಹೋಲಿಸಿದ್ದಾರೆ ಎಂದು ನೋಡಿ. ರೋಗಿಗಳನ್ನು ರಕ್ತದಾನಿಗಳ ಜೊತೆ ಹೋಲಿಸುವ ಅಧ್ಯಯನ ಬಹಳ. ಓ ಗ್ರೂಪಿನ ರಕ್ತಕ್ಕೆ ಎಲ್ಲ ಕಡೆ ಬೇಡಿಕೆ, ಹಾಗಾಗಿ ದಾನಿಗಳಲ್ಲಿ ಓ ಗ್ರೂಪಿನವರು ಊರಿನ ಲೆಕ್ಕಕ್ಕಿಂತ ಜಾಸ್ತಿ ಇರಬಹುದು. ಆಗ ರೋಗಿಗಳಲ್ಲಿ ಓ ಕಡಿಮೆ ಕಾಣುವುದು ವೈರಸ್‌ನಿಂದಲ್ಲ, ಹೋಲಿಕೆಯ ತಪ್ಪಿನಿಂದ.

ಮೂರನೆಯದು ಮುಂಬೈಗೆ ಬಹಳ ಮುಖ್ಯ. ರಕ್ತದ ಗುಂಪುಗಳ ಹಂಚಿಕೆ ಜನಸಮುದಾಯದಿಂದ ಜನಸಮುದಾಯಕ್ಕೆ ಬೇರೆ. ಯುರೋಪಿನಲ್ಲಿ ಎ ಮತ್ತು ಓ ಹೆಚ್ಚು, ಬಿ ಕಡಿಮೆ. ಭಾರತದಲ್ಲಿ ಓ ಮತ್ತು ಬಿ ಹೆಚ್ಚು, ಎಬಿ ಎಲ್ಲಕ್ಕಿಂತ ಕಡಿಮೆ. ಈ ಊರಿನಲ್ಲಿ ಕರಾವಳಿಯವರು, ಕಲಬುರಗಿ-ವಿಜಯಪುರದವರು, ಕೊಂಕಣದವರು, ಉತ್ತರ ಪ್ರದೇಶದವರು, ಗುಜರಾತಿಗಳು ಎಲ್ಲ ಬೇರೆ ಬೇರೆ ಕಡೆ ಗುಂಪುಗೂಡಿ ಬದುಕುತ್ತಾರೆ. ಒಂದೇ ನಲ್ಲಿ, ಒಂದೇ ಶೌಚಾಲಯ ಬಳಸುವ ಚಾಳ್ ಎಂಬ ವಠಾರದಲ್ಲಿ ಸೋಂಕು ಬೇಗ ಹರಡುತ್ತದೆ. ಆ ಚಾಳಿನಲ್ಲಿ ಒಂದೇ ಕಡೆಯಿಂದ ಬಂದ ಜನರಿದ್ದು, ಅವರಲ್ಲಿ ಒಂದು ಗ್ರೂಪ್ ಹೆಚ್ಚಿದ್ದರೆ ಆ ಗ್ರೂಪೇ ಕಾರಣ ಎಂಬಂತೆ ಕಾಣುತ್ತದೆ. ನಿಜವಾದ ಕಾರಣ ಇಕ್ಕಟ್ಟು.

ಹಂತ 5: ನಿಮ್ಮ ನಿಜವಾದ ಅಪಾಯದ ಪಟ್ಟಿ ಬರೆಯಿರಿ

ಒಂದು ಹಾಳೆಯಲ್ಲಿ ಮನೆಯವರ ಹೆಸರು ಬರೆಯಿರಿ. ಪಕ್ಕದಲ್ಲಿ ವಯಸ್ಸು, ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ಅಥವಾ ಹೃದಯದ ತೊಂದರೆ, ಬಸಿರು, ಹಾಕಿಸಿದ ಲಸಿಕೆಗಳು, ಕೆಲಸದ ಜಾಗ. ಕೊನೆಯ ಅಂಕಣದಲ್ಲಿ ಬ್ಲಡ್ ಗ್ರೂಪ್. ಕೋವಿಡ್ ಅಥವಾ ಫ್ಲೂ ಯಾರನ್ನು ಕಾಡುತ್ತದೆ ಎಂದು ಈ ಪಟ್ಟಿಯಿಂದ ಅಂದಾಜು ಮಾಡುವುದಾದರೆ ಕೊನೆಯ ಅಂಕಣವನ್ನು ಕೈಯಿಂದ ಮುಚ್ಚಿದರೂ ಉತ್ತರ ಬದಲಾಗುವುದಿಲ್ಲ. ಎಪ್ಪತ್ತು ದಾಟಿದ, ಶುಗರ್ ಇರುವ, ಓ ಗ್ರೂಪಿನ ಅಜ್ಜನಿಗೆ ಇಪ್ಪತ್ತೈದರ ಎ ಗ್ರೂಪಿನ ಮೊಮ್ಮಗಳಿಗಿಂತ ಎಷ್ಟೋ ಪಾಲು ಹೆಚ್ಚು ಅಪಾಯ. ಫ್ಲೂ ಲಸಿಕೆಯ ಮಾತನ್ನು ಮಳೆಗಾಲಕ್ಕೆ ಮೊದಲೇ ಡಾಕ್ಟರ ಹತ್ತಿರ ಎತ್ತಬೇಕಾದ್ದು ಅಜ್ಜನಿಗಾಗಿ.

ಲಸಿಕೆ ಯಾವುದೇ ಇರಲಿ, ಗ್ರೂಪ್ ನೋಡಿ ಹಾಕುವ ಕ್ರಮ ಇಲ್ಲ. ಗ್ರೂಪ್ ನೋಡಿ ಊಟ ಮಾಡಿ ಎನ್ನುವವರೂ ಇದ್ದಾರೆ. ಅದಕ್ಕೆ ಆಧಾರವಿಲ್ಲ. ಅಂಥ ಪುಡಿ, ಕಷಾಯ ಮಾರುವವರು ಬಂದರೆ ಬಾಗಿಲಲ್ಲೇ ಕಳಿಸಿ.

ಹಂತ 6: ಹೊಟ್ಟೆಯ ವೈರಸ್‌ಗೆ ಮನೆಯಲ್ಲಿ, ಹೋಟೆಲಿನಲ್ಲಿ ಮಾಡಬೇಕಾದ್ದು

ನಮ್ಮವರಲ್ಲಿ ಎಷ್ಟೋ ಜನ ಹೋಟೆಲ್, ಕ್ಯಾಂಟೀನ್, ಕೇಟರಿಂಗ್ ಕೆಲಸದಲ್ಲಿದ್ದಾರೆ. ಹತ್ತು ಹುಡುಗರು ಒಂದೇ ರೂಮಿನಲ್ಲಿ ಮಲಗುತ್ತಾರೆ, ಒಂದೇ ಬಚ್ಚಲಲ್ಲಿ ಮೀಯುತ್ತಾರೆ. ನೊರೋವೈರಸ್‌ಗೆ ಇದಕ್ಕಿಂತ ಒಳ್ಳೆ ಜಾಗ ಬೇಕೇ? ಇಲ್ಲಿ ಗ್ರೂಪಿನ ಲೆಕ್ಕ ಬಿಟ್ಟು ಕೈ ತೊಳೆಯುವ ಲೆಕ್ಕ ಹಿಡಿಯಿರಿ.

ಸ್ಯಾನಿಟೈಸರ್ ನಂಬಬೇಡಿ. ಕೋವಿಡ್ ವೈರಸ್‌ಗೆ ಕೊಬ್ಬಿನ ಹೊದಿಕೆ ಇದೆ, ಆಲ್ಕೋಹಾಲ್ ಅದನ್ನು ಒಡೆಯುತ್ತದೆ. ನೊರೋವೈರಸ್‌ಗೆ ಆ ಹೊದಿಕೆಯೇ ಇಲ್ಲ, ಹಾಗಾಗಿ ಆಲ್ಕೋಹಾಲಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಸೋಪು ಹಚ್ಚಿ, ಇಪ್ಪತ್ತು ಸೆಕೆಂಡು ಉಜ್ಜಿ, ಹರಿಯುವ ನೀರಿನಲ್ಲಿ ತೊಳೆದರೆ ವೈರಸ್ ಕೊಚ್ಚಿಹೋಗುತ್ತದೆ. ನೀರು ಬರುವ ಹೊತ್ತು ಕಡಿಮೆ ಇರುವ ಕಡೆ ನಲ್ಲಿ ಇರುವ ಒಂದು ಡ್ರಮ್ಮನ್ನು ಕೈ ತೊಳೆಯಲೆಂದೇ ಇಡಿ. ಬಕೆಟ್ಟಿಗೆ ಎಲ್ಲರೂ ಕೈ ಅದ್ದುವುದು ಬೇಡ.

ವಾಂತಿ ಬಿದ್ದ ಜಾಗವನ್ನು ಬರೀ ಫಿನಾಯಿಲ್‌ನಿಂದ ಒರೆಸಿದರೆ ಸಾಲದು. ಮೊದಲು ಹಳೆ ಪೇಪರಿನಿಂದ ಬಳಿದು ತೆಗೆದು ಚೀಲದಲ್ಲಿ ಕಟ್ಟಿ ಎಸೆಯಿರಿ. ಆಮೇಲೆ 5% ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚ್ ದ್ರಾವಣವನ್ನು ಒಂದು ಲೀಟರ್ ನೀರಿಗೆ 20 ಮಿಲಿಯಂತೆ ಬೆರೆಸಿ ಹಚ್ಚಿ, ಐದು ನಿಮಿಷಕ್ಕೂ ಹೆಚ್ಚು ಬಿಟ್ಟು ತೊಳೆಯಿರಿ. ಕಿಟಕಿ ತೆರೆದಿರಲಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಇದನ್ನು ಎಂದೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಅಡುಗೆಯವರಿಗೆ, ಬಡಿಸುವವರಿಗೆ ವಾಂತಿ-ಭೇದಿ ಆದರೆ ಅದು ನಿಂತ ಮೇಲೂ 48 ಗಂಟೆ ಅಡುಗೆಮನೆಗೆ ಬಿಡಬೇಡಿ. ಈ ಮಾತು ಮಾಲೀಕರಿಗೆ ಕಹಿ ಎಂದು ಗೊತ್ತು. ಆ ಎರಡು ದಿನದ ಸಂಬಳ ಹಿಡಿದರೆ ಹುಡುಗ ಹೊಟ್ಟೆನೋವನ್ನು ಮುಚ್ಚಿಟ್ಟು ಚಟ್ನಿ ರುಬ್ಬಲು ಬರುತ್ತಾನೆ. ಸಂಬಳ ಕೊಟ್ಟು ಮಲಗಿಸುವುದೇ ಅಗ್ಗ.

ಕರಾವಳಿಯವರಿಗೆ ಇನ್ನೊಂದು ಮಾತು. ಮರುವಾಯಿ, ಕಲ್ವದಂಥ ಚಿಪ್ಪಿನ ಜೀವಿಗಳು ನೀರನ್ನು ಸೋಸಿ ತಿನ್ನುತ್ತವೆ. ಕೊಳಚೆ ಸೇರಿದ ನೀರಾದರೆ ನೊರೋವೈರಸ್ ಅವುಗಳ ಒಳಗೆ ಕೂಡಿಕೊಳ್ಳುತ್ತದೆ. ಕೆಲವು ಚಿಪ್ಪುಗಳ ಜೀರ್ಣಾಂಗದಲ್ಲಿ ನಮ್ಮ ಎ ಗ್ರೂಪಿನ ಸಕ್ಕರೆಯನ್ನು ಹೋಲುವ ಸಕ್ಕರೆ ಇದ್ದು, ವೈರಸ್ ಅದಕ್ಕೇ ಅಂಟಿಕೊಳ್ಳುತ್ತದಂತೆ! ಬಾಯಿ ಬಿಟ್ಟ ಕೂಡಲೇ ಒಲೆಯಿಂದ ಇಳಿಸಬೇಡಿ, ಚೆನ್ನಾಗಿ ಕುದಿಸಿ.

ಭೇದಿ ಶುರುವಾದರೆ ಓಆರ್‌ಎಸ್ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. ಲೋಟಕ್ಕೆ ಚಿಟಿಕೆಯಷ್ಟು ಹಾಕುವುದು ಸರಿಯಲ್ಲ. ಗುಟುಕು ಗುಟುಕಾಗಿ ಕುಡಿಸಿ. ಮಕ್ಕಳಿಗೆ ಡಾಕ್ಟರು ಹೇಳಿದಂತೆ ಝಿಂಕ್ ಗುಳಿಗೆಯನ್ನು ಭೇದಿ ನಿಂತರೂ ಪೂರ್ತಿ 14 ದಿನ ಕೊಡಿ. ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ಕಾಯಬೇಡಿ.

ಹಂತ 7: ಜ್ವರ ಬಂದಾಗ ಗ್ರೂಪ್ ಎಲ್ಲಿ ಬೇಕು, ಎಲ್ಲಿ ಬೇಡ

ಮಳೆಗಾಲದ ಜ್ವರಕ್ಕೆ ಮೊದಲ ಐದು ದಿನದೊಳಗೆ ಡೆಂಗಿಯ ಎನ್‌ಎಸ್1 ಪರೀಕ್ಷೆ, ಜೊತೆಗೆ ಮಲೇರಿಯಾ ಪರೀಕ್ಷೆ ಮಾಡಿಸಿ. ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚಾಗುತ್ತದೆ. ಜ್ವರ ಇಳಿಯುವ ಹೊತ್ತಿಗೆ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆ. ಗ್ರೂಪ್ ಬೇಕಾಗುವುದು ಅಲ್ಲಿ. ಪ್ಲೇಟ್‌ಲೆಟ್ ಅಥವಾ ರಕ್ತ ಹಾಕಬೇಕಾಗಿ ಬಂದರೆ ದಾನಿಯನ್ನು ಹುಡುಕಲು ಅದು ಗೊತ್ತಿರಬೇಕು. ನೀವು ಕಾರ್ಡು ತೋರಿಸಿದರೂ ಆಸ್ಪತ್ರೆಯವರು ಮತ್ತೆ ಗ್ರೂಪ್ ನೋಡಿಯೇ ಹಾಕುತ್ತಾರೆ. ಸಿಟ್ಟಾಗಬೇಡಿ, ಅದೇ ಸರಿಯಾದ ಕ್ರಮ. ಯಾವ ಬ್ಲಡ್ ಬ್ಯಾಂಕಿನಲ್ಲಿ ಏನಿದೆ ಎಂದು ಸರಕಾರದ ಇ-ರಕ್ತಕೋಶ್ ತಾಣದಲ್ಲಿ ನೋಡಬಹುದು.

ಹಂತ 8: ‘ಓ’ ಎಂದು ಬಂದವರು ಬಾಂಬೆ ಗ್ರೂಪನ್ನೂ ಮನಸ್ಸಿನಲ್ಲಿಡಿ

ಆಗ ಬಿಟ್ಟ ಖಾಲಿ ಕಾವಲಿಗೆ ಬಂದೆ. 1952ರಲ್ಲಿ ಇದೇ ಊರಿನಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಜೊತೆಗಾರರು ಹೊಸ ರಕ್ತಗುಂಪೊಂದನ್ನು ವರದಿ ಮಾಡಿದರು. ಎ ಇಲ್ಲ, ಬಿ ಇಲ್ಲ, ತಳದ ಎಚ್ ಕೂಡ ಇಲ್ಲ. ಜಗತ್ತು ಅದನ್ನು ಬಾಂಬೆ ಗ್ರೂಪ್ ಎಂದು ಕರೆಯಿತು. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರು, ಯುರೋಪಿನಲ್ಲಿ ಹತ್ತು ಲಕ್ಷಕ್ಕೊಬ್ಬರು ಎಂಬ ಅಂದಾಜಿದೆ. ಮಹಾರಾಷ್ಟ್ರದಲ್ಲಿ ಹೆಚ್ಚು ಕಂಡಿದೆ, ಕರ್ನಾಟಕದವರಲ್ಲೂ ಇದೆ. ಇವರು ಸಾಮಾನ್ಯವಾಗಿ ಸೆಕ್ರೀಟರ್ ಅಲ್ಲದವರು, ಕರುಳಿನಲ್ಲೂ ಎಚ್ ಸಕ್ಕರೆ ಇರುವುದಿಲ್ಲ. ನಾರ್ವಾಕ್ ತಳಿಯಂಥ ವೈರಸ್‌ಗೆ ಹಿಡಿಯಲು ಏನೂ ಸಿಗದ ಮೈ ಅದು.

ಆದರೆ ರಕ್ತ ಬೇಕಾದಾಗ ಇವರಷ್ಟು ಕಷ್ಟ ಯಾರಿಗೂ ಇಲ್ಲ. ಬೆರಳು ಚುಚ್ಚುವ ಪರೀಕ್ಷೆಯಲ್ಲಿ ಇವರು ಓ ಎಂದೇ ಕಾಣುತ್ತಾರೆ. ಓ ರಕ್ತವನ್ನು ಹಾಕಿದರೆ ಜೀವಕ್ಕೇ ಅಪಾಯ, ಏಕೆಂದರೆ ಇವರ ರಕ್ತದಲ್ಲಿ ಎಚ್‌ಗೂ ಎದುರಾಳಿ ಇದೆ. ಮೊದಲ ಹಂತದಲ್ಲಿ ಹೇಳಿದ ರಿವರ್ಸ್ ಗ್ರೂಪಿಂಗ್‌ನಲ್ಲಿ ಓ ಕಣಗಳೂ ಗಂಟುಕಟ್ಟಿದರೆ ಗುಟ್ಟು ಹೊರಬೀಳುತ್ತದೆ. ಅನುಮಾನ ಬಂದರೆ ಪರೇಲ್‌ನ ಕೆಇಎಂ ಆಸ್ಪತ್ರೆಯ ಆವರಣದಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ರೋಗನಿರೋಧಕ ರಕ್ತವಿಜ್ಞಾನ ಸಂಸ್ಥೆ ಇದೆ. ಅಪರೂಪದ ರಕ್ತದ ವಿಷಯದಲ್ಲಿ ಕೆಲಸ ಮಾಡುವವರು ಅವರು. ನಿಮ್ಮ ಬ್ಲಡ್ ಬ್ಯಾಂಕಿನ ಮೂಲಕ ವಿಚಾರಿಸಿ.

ಮನೆಯಲ್ಲಿ ಒಬ್ಬರಿಗೆ ಬಾಂಬೆ ಗ್ರೂಪ್ ಎಂದು ಗೊತ್ತಾದರೆ ಮೊದಲು ಒಡಹುಟ್ಟಿದವರಿಗೆ ಪರೀಕ್ಷೆ ಮಾಡಿಸಿ. ಅಪ್ಪ-ಅಮ್ಮ ಇಬ್ಬರಿಂದಲೂ ಆ ಜೀನ್ ಬಂದರೆ ಮಾತ್ರ ಹೀಗಾಗುವುದು, ಆದ್ದರಿಂದ ಒಬ್ಬೊಬ್ಬ ಅಣ್ಣ-ತಮ್ಮ, ಅಕ್ಕ-ತಂಗಿಗೂ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇರುವ ಮನೆಗಳಲ್ಲಿ ಬಾಂಬೆ ಗ್ರೂಪ್ ಕಾಣುವುದು ಸ್ವಲ್ಪ ಜಾಸ್ತಿ. ಸಿಕ್ಕ ಹೆಸರುಗಳನ್ನು ಬ್ಲಡ್ ಬ್ಯಾಂಕಿನ ಅಪರೂಪದ ದಾನಿಗಳ ಪಟ್ಟಿಯಲ್ಲಿ ಬರೆಸಿ, ಊರಿಗೆ ಹೋದಾಗಲೂ ಸಿಗುವ ಫೋನ್ ನಂಬರನ್ನೇ ಕೊಡಿ.